'ಗಿಂತ' ಯಾವುದಕ್ಕೆ ಅಂಟಿದೆ? ಬೆಲೆ–ಎಣಿಕೆ ಲೆಕ್ಕದಲ್ಲಿ ಮೊದಲ ಸಾಲೇ ಉಲ್ಟಾ ಆಗುವುದು

ಅಪ್ಪನ ಪಾಟಿ · ರಾತ್ರಿ 9:10

ಮಗಳು ಒಂಬತ್ತನೇ ತರಗತಿ. ಸಮೀಕರಣ ಬರೆದುಕೊಟ್ಟರೆ ಚಕಚಕ ಅಂತ ಬಿಡಿಸುತ್ತಾಳೆ. ಅದನ್ನೇ ಮಾತಿನಲ್ಲಿ ಕೊಟ್ಟರೆ ಪೆನ್ನು ಕಚ್ಚುತ್ತಾ ಕೂರುತ್ತಾಳೆ. ನಿನ್ನೆ ಸಿಕ್ಕಿಹಾಕಿಕೊಂಡ ಲೆಕ್ಕ ಇದು:

ಒಂದು ಪೆನ್ನಿನ ಬೆಲೆ ಒಂದು ಪೆನ್ಸಿಲಿನ ಬೆಲೆಗಿಂತ 8 ಜಾಸ್ತಿ. 5 ಪೆನ್ನು, 7 ಪೆನ್ಸಿಲ್ ಸೇರಿ 100 ಆಯಿತು. ಒಂದೊಂದರ ಬೆಲೆ ಎಷ್ಟು?

ಎಕ್ಸ್, ವೈ ಬರೆಯಲು ಪ್ರತಿ ಸಲ ಕೀಬೋರ್ಡ್ ಬದಲಿಸುವುದು ಬೇಜಾರು, ಅ, ಬ ಅಂತಲೇ ಬರೆಯುತ್ತೇನೆ. ಪೆನ್ನು ಅ, ಪೆನ್ಸಿಲ್ ಬ ಅಂತ ಇಟ್ಟುಕೊಂಡು ಅವಳು ಬರೆದದ್ದು:

ಅ + 8 = ಬ
5ಅ + 7ಬ = 100

ಆಮೇಲೆ ಎಲ್ಲಾ ಹೆಜ್ಜೆಯೂ ಸರಿ. 12ಅ = 44 ಬಂತು. ಅ ಅಂದರೆ 44/12, ಹತ್ತಿರ ಹತ್ತಿರ 3.67. "ಪುಸ್ತಕದಲ್ಲೇ ತಪ್ಪಿದೆ ಅಪ್ಪ, ಭಿನ್ನರಾಶಿ ಬಂತು" ಅಂದಳು. ಮೊದಲ ಸಾಲು ಉಲ್ಟಾ ಆಗಿದೆ ಅಂತ ತೋರಿಸಿದೆ. "ಪೆನ್ನು 8 ಜಾಸ್ತಿ ಅಂದ್ರೆ ಪೆನ್ನಿಗೆ 8 ಕೂಡಿಸ್ಬೇಕು ಅಲ್ವಾ?" ಅಂತ ಕೇಳಿದಳು.

ತಪ್ಪು ಅಂತ ನನಗೆ ಗೊತ್ತು. ಯಾಕೆ ತಪ್ಪು ಅಂತ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಸುಮ್ನೆ ಸರಿ ಸಮೀಕರಣ ಬರೆದುಕೊಟ್ಟು ಎದ್ದುಬಿಟ್ಟೆ. ಈಗ ಅದೇ ಕೊರೆಯುತ್ತಿದೆ. ನೀವಾದರೆ ಹೇಗೆ ಹೇಳುತ್ತೀರಿ?

ಸೊನ್ನೆ · ರಾತ್ರಿ 9:24

ಉತ್ತರ 13 ಮತ್ತು 5. ಮಗಳಿಗೆ ಸಮಾಧಾನ ಹೇಳಿ. ಇದೇ ತಪ್ಪನ್ನು ನಾನು ಡಿಗ್ರಿ ಮುಗಿಸಿದ ಮೇಲೂ ಮಾಡಿದ್ದೇನೆ.

ಚಿಲ್ಲರೆ ಲೆಕ್ಕ · ರಾತ್ರಿ 9:31

ಇಷ್ಟಕ್ಕೆಲ್ಲಾ ಅಕ್ಷರ ಯಾಕೆ ಸ್ವಾಮಿ? ಒಂದೊಂದು ಪೆನ್ನಿನಿಂದಲೂ 8 ಕಿತ್ತುಹಾಕಿ. ಐದು ಪೆನ್ನು, 40 ಹೋಯಿತು. ಉಳಿದದ್ದು 60. ಈಗ ಐದು ಪೆನ್ನೂ ಪೆನ್ಸಿಲ್ ಬೆಲೆಗೆ ಇಳಿದವು, ಅಂದರೆ ಒಟ್ಟು 12 ಪೆನ್ಸಿಲ್. ಒಂದಕ್ಕೆ 5. ಮುಗಿಯಿತು.

ನಾನು ಲೆಕ್ಕಪತ್ರದ ಕೆಲಸದವನು. ದಿನಾ ಇಂಥವನ್ನು ಮಾಡುತ್ತೇನೆ, ಒಂದು ಅಕ್ಷರವೂ ಬೇಕಾಗಿಲ್ಲ.

ಹಳೇ ಮೇಷ್ಟ್ರು · ರಾತ್ರಿ 10:02

ಪಾಟಿಯವರೇ, ನಾಳೆ ಅವಳನ್ನು ಒಂದೇ ಪ್ರಶ್ನೆ ಕೇಳಿ. "ಅ ಅಂದರೆ ಏನು?" "ಪೆನ್ನು" ಅಂತಾಳೆ, ಪಂದ್ಯ ಕಟ್ಟುತ್ತೇನೆ. ರೋಗ ಇರುವುದು ಅಲ್ಲೇ. ಅ ಅಂದರೆ ಪೆನ್ನಲ್ಲ. ಒಂದು ಪೆನ್ನಿನ ಬೆಲೆ. ಅದೊಂದು ಸಂಖ್ಯೆ.

ಅ ಅಂದರೆ ಪೆನ್ನು ಅಂತ ಮನಸ್ಸಿನಲ್ಲಿ ಕೂತರೆ, "ಪೆನ್ನಿನ ಕಡೆ 8 ಜಾಸ್ತಿ ಇದೆ" ಅನ್ನುವುದನ್ನು ಚಿತ್ರ ಬಿಡಿಸಿದ ಹಾಗೆ ಬರೆಯುತ್ತಾರೆ. ಪೆನ್ನಿನ ಪಕ್ಕ 8 ಇಟ್ಟು, ಆ ಕಡೆ ಪೆನ್ಸಿಲ್ ಇಡುತ್ತಾರೆ. ಅವರ ಕಣ್ಣಿಗೆ ಅದು ಸಮೀಕರಣ ಅಲ್ಲ, ಪಟ್ಟಿ. ಆದರೆ ಸಮ ಚಿಹ್ನೆ ಪಟ್ಟಿ ಕೇಳುವುದಿಲ್ಲ, ಎರಡೂ ಕಡೆ ತೂಕ ಸರಿಯಾಗಿದೆಯಾ ಅಂತ ಕೇಳುತ್ತದೆ. ಪೆನ್ನು ಮೊದಲೇ ದುಬಾರಿ. ಅದಕ್ಕೇ ಇನ್ನೂ 8 ಹೇರಿದರೆ ತಕ್ಕಡಿ ನೆಲ ಕಚ್ಚುತ್ತದೆ. ಹೇರಬೇಕಾದ್ದು ಅಗ್ಗದ ಕಡೆಗೆ.

ಇದನ್ನು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಮುಂದಿನ ಲೆಕ್ಕದಲ್ಲಿ ಮತ್ತೆ ಅದನ್ನೇ ಮಾಡುತ್ತಾರೆ. ಅದಕ್ಕೆ ನಾನು ತರಗತಿಯಲ್ಲಿ 'ಗಿಂತ' ಹಿಡಿಸುತ್ತಿದ್ದೆ. ನಮ್ಮ ಭಾಷೆ ಇಲ್ಲಿ ಉಪಕಾರ ಮಾಡಿದೆ. "ಪೆನ್ನಿನ ಬೆಲೆ ಪೆನ್ಸಿಲಿನ ಬೆಲೆಗಿಂತ 8 ಜಾಸ್ತಿ" ಅನ್ನಿ, ತಿರುಗಿಸಿ "ಪೆನ್ಸಿಲಿನ ಬೆಲೆಗಿಂತ ಪೆನ್ನಿನ ಬೆಲೆ 8 ಜಾಸ್ತಿ" ಅನ್ನಿ, ಪದಗಳು ಜಾಗ ಬದಲಿಸಿದರೂ ಗಿಂತ ಮಾತ್ರ ಪೆನ್ಸಿಲನ್ನು ಬಿಡುವುದಿಲ್ಲ. ಗಿಂತ ಯಾವುದಕ್ಕೆ ಅಂಟಿದೆಯೋ ಅಲ್ಲಿಂದ ಹೊರಡಬೇಕು. ಜಾಸ್ತಿ ಅಂದರೆ ಅದಕ್ಕೆ ಕೂಡಿಸು. ಕಡಿಮೆ ಅಂದರೆ ಅದರಿಂದ ಕಳೆ. ಬಂದದ್ದು ಇನ್ನೊಂದರ ಬೆಲೆ.

ಬ + 8 = ಅ. ಅಷ್ಟೇ.

ಬರೆಯುವ ಮೊದಲು ಗಿಂತದ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಲು ಹೇಳಿ. ನಾಚಿಕೆ ಬೇಡ, ನಾನು ಈಗಲೂ ಹಾಕುತ್ತೇನೆ.

ಅಪ್ಪನ ಪಾಟಿ · ರಾತ್ರಿ 10:15

ಮೇಷ್ಟ್ರೇ, ಇದು ಹೊಳೆದೇ ಇರಲಿಲ್ಲ. ಒಂದು ಅನುಮಾನ. ಅ ಅಂದರೆ ಪೆನ್ನು ಅಂತ ಅಂದುಕೊಂಡರೂ ಎರಡನೇ ಸಾಲು ಸರಿಯಾಗಿಯೇ ಬರೆದಿದ್ದಾಳಲ್ಲ? 5ಅ + 7ಬ = 100.

ಹಳೇ ಮೇಷ್ಟ್ರು · ರಾತ್ರಿ 10:28

ಅದು ಅದೃಷ್ಟ. 5ಅ ಅನ್ನುವುದನ್ನು ಅವಳು "5 ಪೆನ್ನು" ಅಂತ ಓದಿಕೊಂಡಳು. ನಿಜವಾಗಿ ಅದು 5 ಸಲ ಪೆನ್ನಿನ ಬೆಲೆ. ಓದಿದ್ದು ತಪ್ಪು, ಬರೆದದ್ದು ಮಾತ್ರ ಒಂದೇ. ಹಾಗಾಗಿ ತಪ್ಪು ವರ್ಷಗಟ್ಟಲೆ ಸಿಕ್ಕಿಬೀಳುವುದಿಲ್ಲ.

ಅದೃಷ್ಟ ಕೈಕೊಡುವ ಲೆಕ್ಕ ಕೊಡುತ್ತೇನೆ. ಒಟ್ಟು 40 ಟಿಕೆಟ್. ದೊಡ್ಡವರ ಟಿಕೆಟ್ 30, ಮಕ್ಕಳದ್ದು 20. ವಸೂಲಾದದ್ದು 1050. ದೊಡ್ಡವರೆಷ್ಟು, ಮಕ್ಕಳೆಷ್ಟು?

ಇಲ್ಲಿ ಬೆಲೆ ಗೊತ್ತು, ಎಣಿಕೆ ಗೊತ್ತಿಲ್ಲ. ಸಮೀಕರಣ 30ಅ + 20ಬ = 1050. ಹಳೇ ಅಭ್ಯಾಸದಲ್ಲಿ ಓದಿದರೆ "30 ದೊಡ್ಡವರು, 20 ಮಕ್ಕಳು" ಅಂತಾಗುತ್ತದೆ. ಒಟ್ಟು ಇರುವುದೇ 40 ಟಿಕೆಟ್! ಇಲ್ಲಿ ಮಕ್ಕಳು ಗಕ್ಕನೆ ನಿಲ್ಲುತ್ತಾರೆ. ನಿಂತರೆ ಒಳ್ಳೆಯದು, ಮಾತಾಡಲು ಜಾಗ ಸಿಗುತ್ತದೆ.

ಚಿಲ್ಲರೆ ಲೆಕ್ಕ · ರಾತ್ರಿ 10:33

ಎಲ್ಲರೂ ಮಕ್ಕಳೇ ಅಂದುಕೊಳ್ಳಿ. 40 × 20 = 800. ಬಂದದ್ದು 1050. 250 ಜಾಸ್ತಿ. ಒಬ್ಬ ದೊಡ್ಡವರು ಬಂದರೆ 10 ಜಾಸ್ತಿ. ಹಾಗಾಗಿ ದೊಡ್ಡವರು 25, ಮಕ್ಕಳು 15. ತಾಳೆ: 750 + 300 = 1050. ಈಗಲೂ ಅಕ್ಷರ ಬೇಕಾ?

ಹಳೇ ಮೇಷ್ಟ್ರು · ರಾತ್ರಿ 10:41

ಚಿಲ್ಲರೆಯವರೇ, ನೀವು ಮಾಡಿದ್ದನ್ನೇ ಬರೆದು ನೋಡಿ. ಅ + ಬ = 40 ಅನ್ನುವುದನ್ನು 20ರಿಂದ ಗುಣಿಸಿದಿರಿ: 20ಅ + 20ಬ = 800. ಮೇಲಿನದರಿಂದ ಕಳೆದಿರಿ: 10ಅ = 250. ಪುಸ್ತಕದವರು ಇದಕ್ಕೆ ವರ್ಜಿಸುವ ವಿಧಾನ ಅಂತಾರೆ. ನೀವು ಬೀಜಗಣಿತ ಬೇಡ ಅನ್ನುತ್ತಾ ಬೀಜಗಣಿತವನ್ನೇ ಮಾಡುತ್ತಿದ್ದೀರಿ, ಬಾಯಲ್ಲಿ.

ಮೊದಲು ಬಾಯಲ್ಲಿ ಮಾಡಿಸಿ, ಆಮೇಲೆ ಬರೆಸಿದರೆ ಮಕ್ಕಳಿಗೆ ಒಳ್ಳೆಯದು ಅಂತ ನನಗೂ ಅನಿಸುತ್ತದೆ. ನಮ್ಮಲ್ಲಿ ಉಲ್ಟಾ. ಮೊದಲ ದಿನವೇ ಎಕ್ಸ್, ವೈ.

ಸೊನ್ನೆ · ರಾತ್ರಿ 11:05

ಈ ಉಲ್ಟಾ ಬರೆಯುವ ತಪ್ಪಿನ ಮೇಲೆ ಸಂಶೋಧನೆಯೇ ಆಗಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಒಂದು ವಾಕ್ಯ ಕೊಟ್ಟರು. "ಈ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್‌ಗಳ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ಸಮೀಕರಣ ಬರೆಯಿರಿ." ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ತಪ್ಪು ಬರೆದರು. ತಪ್ಪಿದವರಲ್ಲಿ ಮೂರರಲ್ಲಿ ಎರಡು ಪಾಲು ಜನರದ್ದು ಒಂದೇ ತಪ್ಪು, 6 × ವಿದ್ಯಾರ್ಥಿ = ಪ್ರೊಫೆಸರ್. "ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರೊಫೆಸರ್" ಅಂತ ಪಟ್ಟಿ ಬರೆದ ಹಾಗೆ. ಮೇಷ್ಟ್ರು ಹೇಳಿದ ರೋಗವೇ. ಅವರೂ ಮುಂದೆ ಇಂಜಿನಿಯರ್ ಆಗಿರುತ್ತಾರೆ, ಮಗಳಿಗೆ ಹೇಳಿ.

ಇನ್ನೊಂದು: ಬ್ಯಾಟು ಚೆಂಡು ಸೇರಿ 110. ಚೆಂಡಿಗಿಂತ ಬ್ಯಾಟು 100 ಜಾಸ್ತಿ. ಚೆಂಡಿಗೆಷ್ಟು? 10 ಅಂತ ನಾಲಿಗೆ ತುದಿಗೆ ಬರುತ್ತದೆ. ಸರಿ ಉತ್ತರ 5. ಇದು 2005ರಲ್ಲಿ ಶೇನ್ ಫ್ರೆಡರಿಕ್ ಅನ್ನುವವರ ಪ್ರಬಂಧದಿಂದ ಹೆಸರಾಯಿತು. ಅವರದ್ದರಲ್ಲಿ ಡಾಲರ್ ಮತ್ತು ಸೆಂಟು, ಒಟ್ಟು 1.10.

ರೇಖೆ · ಬೆಳಿಗ್ಗೆ 6:50

ರಾತ್ರಿ ಎಲ್ಲಾ ಓದಿದೆ, ಎದ್ದು ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹೋದ ವಾರ ಬಿಟ್ಟುಬಿಟ್ಟಿದ್ದ ಲೆಕ್ಕ:

ನೋಟ್‌ಬುಕ್ಕಿನ ಬೆಲೆ 2 ಇಳಿದರೆ 120ಕ್ಕೆ ಮೊದಲಿಗಿಂತ 3 ಜಾಸ್ತಿ ಬರುತ್ತವೆ. ಮೊದಲ ಬೆಲೆ ಎಷ್ಟು?

ನಾನು 120/ಬ − 120/(ಬ − 2) = 3 ಅಂತ ಬರೆದಿದ್ದೆ. ಬಿಡಿಸಿದರೆ ಬ² − 2ಬ + 80 = 0. ವರ್ಗಮೂಲದ ಒಳಗೆ ಮೈನಸ್ 316. ಪುಟ ಹರಿಯುವಷ್ಟು ಕೋಪ ಬಂದಿತ್ತು. ಈಗ ನೋಡಿದರೆ "ಮೊದಲಿಗಿಂತ 3 ಜಾಸ್ತಿ". ಗಿಂತ ಮೊದಲಿನ ಎಣಿಕೆಗೆ ಅಂಟಿದೆ! ಅದಕ್ಕೆ 3 ಕೂಡಿಸಬೇಕಿತ್ತು. ನಾನು ಹೊಸದಕ್ಕೆ ಕೂಡಿಸಿದ್ದೆ.

ಸರಿಮಾಡಿದ ಮೇಲೆ 120/ಬ + 3 = 120/(ಬ − 2). ಬಿಡಿಸಿದರೆ ಬ(ಬ − 2) = 80. ಬ = 10, ಇಲ್ಲಾ −8. ತಾಳೆ ನೋಡಿದೆ. 10ರಂತೆ 12 ಪುಸ್ತಕ, 8ರಂತೆ 15. ಸರಿ ಬಂತು.

ಚಿಲ್ಲರೆ ಲೆಕ್ಕದವರೇ, ಇದನ್ನು ಬಾಯಲ್ಲಿ ಮಾಡಿ ನೋಡೋಣ.

ಚಿಲ್ಲರೆ ಲೆಕ್ಕ · ಬೆಳಿಗ್ಗೆ 7:30

ಹತ್ತು ನಿಮಿಷ ಕೂತೆ. 120ನ್ನು ಭಾಗಿಸುವ ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ನೋಡುತ್ತಾ ಹೋದೆ. 6 ಮತ್ತು 4, 8 ಮತ್ತು 6, 10 ಮತ್ತು 8. ಸಿಕ್ಕಿತು. ಆದರೆ ಬೆಲೆ ಪೂರ್ಣಸಂಖ್ಯೆ ಆಗಿರದಿದ್ದರೆ ಸಿಗುತ್ತಿರಲಿಲ್ಲ. ಇದಕ್ಕೆ ಅಕ್ಷರ ಬೇಕು. ಒಪ್ಪಿದೆ.

ಹಳೇ ಮೇಷ್ಟ್ರು · ಬೆಳಿಗ್ಗೆ 8:10

ಒಪ್ಪಿಕೊಂಡದ್ದಕ್ಕೆ ಸಂತೋಷ.

ರೇಖೆಯವರೇ, −8ನ್ನು ಎಸೆಯುವ ಮೊದಲು ಒಂದು ಸಲ ಮುಖ ನೋಡಿ. ಬೆಲೆ ಮೈನಸ್ ಆಗಲ್ಲ, ಎಸೆಯಬೇಕು ನಿಜ. ಆದರೆ ಆ 8 ಎಲ್ಲಿಂದ ಬಂತು? ಇಳಿದ ಮೇಲಿನ ಬೆಲೆಯೇ 8. ಬ(ಬ − 2) = 80 ಅಂದರೆ ಎರಡರ ಅಂತರದ ಎರಡು ಸಂಖ್ಯೆ, ಗುಣಿಸಿದರೆ 80. 10 ಮತ್ತು 8 ಆಗಬಹುದು, −8 ಮತ್ತು −10 ಕೂಡ ಆಗಬಹುದು. ಅದೇ ಜೋಡಿ, ಚಿಹ್ನೆ ಬದಲಿಸಿಕೊಂಡು ಬಂದಿದೆ.

ಇಂಥ ಲೆಕ್ಕಕ್ಕೆ ಮೂರು ಮನೆ ಗೀಚಿಕೊಳ್ಳಿ: ಬೆಲೆ, ಎಣಿಕೆ, ದುಡ್ಡು. ಮೊದಲ ಸಾಲಿನಲ್ಲಿ ಬ, 120/ಬ, 120. ಎರಡನೇ ಸಾಲಿನಲ್ಲಿ ಬ − 2, 120/(ಬ − 2), 120. ಮನೆ ತುಂಬಲು 120 ಬಳಸಿದಿರಿ, 2 ಬಳಸಿದಿರಿ. ಬಳಸದೆ ಉಳಿದ ಮಾತು ಯಾವುದು? "3 ಜಾಸ್ತಿ." ಅದೇ ಸಮೀಕರಣ ಆಗುತ್ತದೆ. ಬಳಸಿದ ಮಾತನ್ನೇ ಮತ್ತೆ ಬಳಸಿದರೆ ಸುತ್ತಿ ಬಳಸಿ 120 = 120 ಅಂತ ಬಂದು ನಿಲ್ಲುತ್ತದೆ. ಬೆಲೆಯ ಮನೆಯನ್ನು ಎಣಿಕೆಯ ಮನೆಗೆ ಕೂಡಿಸಲೂಬೇಡಿ. ಮಕ್ಕಳು ಟಿಕೆಟ್ ಲೆಕ್ಕದಲ್ಲಿ "ಅ + ಬ = 1050" ಅಂತ ಬರೆದು ಜನಕ್ಕೆ ದುಡ್ಡನ್ನು ಸಮ ಮಾಡುವುದನ್ನು ಎಷ್ಟು ಸಲ ನೋಡಿದ್ದೇನೋ.

ಕಾಲಕ ನೀಲಕ · ಬೆಳಿಗ್ಗೆ 9:45

ತಡವಾಗಿ ಬಂದೆ. ಇಂಥ ಲೆಕ್ಕಗಳಿಗೆ ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಒಂದು ಲೆಕ್ಕ ಇದೆ:

9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಬೇಗ ಹೇಳು.

"ಬೇಗ ಹೇಳು" ಅನ್ನುವುದು ನನ್ನ ಮಾತಲ್ಲ, ಅಲ್ಲೇ ಇದೆ. ಬೇಗ ಹೇಳಲು ದಾರಿಯೂ ಇದೆ. ಎರಡನ್ನೂ ಕೂಡಿಸಿ. 16 ಮಾದಲ, 16 ಬೇಲ, 208. ಒಂದೊಂದು ಜೊತೆಗೆ 13. ಈಗ ಕಳೆಯಿರಿ. ಎರಡು ಮಾದಲ ಜಾಸ್ತಿ, ಎರಡು ಬೇಲ ಕಡಿಮೆ, ವ್ಯತ್ಯಾಸ 6. ಹಾಗಾಗಿ ಬೇಲಕ್ಕಿಂತ ಮಾದಲ 3 ಜಾಸ್ತಿ. (ಗಿಂತ ನೋಡಿಕೊಳ್ಳಿ!) ಕೂಡಿಸಿದರೆ 13, ಅಂತರ 3. ಮಾದಲ 8, ಬೇಲ 5. ಸಂಖ್ಯೆಗಳು ಹೀಗೆ ಅದಲುಬದಲಾಗಿ ಬಂದರೆ 9ರಿಂದ, 7ರಿಂದ ಗುಣಿಸುವ ಗೋಜೇ ಬೇಡ.

ಮೇಷ್ಟ್ರು ಹೇಳಿದ ಅಕ್ಷರದ ಗೊಂದಲಕ್ಕೂ ಹಳಬರ ಹತ್ತಿರ ಮದ್ದಿತ್ತು. ಭಾಸ್ಕರಾಚಾರ್ಯರು 'ಬೀಜಗಣಿತ' ಅನ್ನುವ ಗ್ರಂಥದಲ್ಲಿ, ಅಂದರೆ 1150ರ ಹೊತ್ತಿಗೆ, ಗೊತ್ತಿಲ್ಲದ ಮೊದಲ ಸಂಖ್ಯೆಯನ್ನು ಯಾವತ್ತಾವತ್ ಅಂತ ಕರೆಯುತ್ತಾರೆ. "ಎಷ್ಟೋ ಅಷ್ಟು" ಅಂತ ಅರ್ಥ. ಎರಡನೆಯದು ಕಾಲಕ, ಅಂದರೆ ಕಪ್ಪು, ಮೂರನೆಯದು ನೀಲಕ, ಆಮೇಲೆ ಪೀತಕ, ಲೋಹಿತಕ. ಎಲ್ಲಾ ಬಣ್ಣಗಳು. ಬರೆಯುವಾಗ ಯಾ, ಕಾ, ನೀ. ಮಾದಲಕ್ಕೆ ಮಾ ಅಂತ ಬರೆದರೆ ಹಣ್ಣೇ ಕಣ್ಣಿಗೆ ಕಟ್ಟುತ್ತದೆ. ಕಪ್ಪು ಅಂತ ಬರೆದರೆ ಯಾವ ಹಣ್ಣೂ ನೆನಪಾಗಲ್ಲ. ಅವರು ಈ ಕಾರಣಕ್ಕೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಅನುಕೂಲವಂತೂ ಇದೆ.

ಸೊನ್ನೆ · ಬೆಳಿಗ್ಗೆ 9:58

ಪೆನ್ನಿಗೂ ಪೆ, ಪೆನ್ಸಿಲಿಗೂ ಪೆ. ಕಪ್ಪು, ನೀಲಿಯೇ ವಾಸಿ.

ಚಿಲ್ಲರೆ ಲೆಕ್ಕ · ಮಧ್ಯಾಹ್ನ 1:20

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಗಿಂತ ಉಪಕಾರಿ ಅಂದಿರಿ. 'ಕ್ಕೆ' ಮಾತ್ರ ಶುದ್ಧ ಕಿಡಿಗೇಡಿ. "ಹತ್ತಕ್ಕೆ ಮೂರು" ಅಂದರೆ ಏನು? ಹತ್ತು ದುಡ್ಡಿಗೆ ಮೂರು ವಸ್ತುವೋ, ಹತ್ತು ವಸ್ತುವಿಗೆ ಮೂರು ದುಡ್ಡೋ? ಎದುರಿಗೆ ಸಾಮಾನು ಇದ್ದರೆ ಗೊತ್ತಾಗುತ್ತದೆ. ಕಾಗದದ ಮೇಲೆ ಗೊತ್ತಾಗಲ್ಲ. ಒಂದರ ಬೆಲೆ ಮೊದಲನೆಯದರಲ್ಲಿ 10/3, ಎರಡನೆಯದರಲ್ಲಿ 3/10.

"ಮೂರು ಪಟ್ಟು ಜಾಸ್ತಿ" ಕೂಡ ಹಾಗೇ. 5ರ ಮೂರು ಪಟ್ಟು 15. 5ಕ್ಕಿಂತ ಮೂರು ಪಟ್ಟು ಜಾಸ್ತಿ ಅಂದರೆ ಕೆಲವರಿಗೆ 15, ಕೆಲವರಿಗೆ 20. ಲೆಕ್ಕ ಬರೆಯುವವರು ಈ ಮಾತನ್ನು ಬಿಟ್ಟರೆ ಪುಣ್ಯ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದೇ ಸಾಮಾನನ್ನು ಎರಡು ಸಲ ತರಿಸಿದ್ದೆವು. ಒಂದು ಸಲ 40ರಂತೆ, ಇನ್ನೊಂದು ಸಲ 60ರಂತೆ. ಸರಾಸರಿ 50 ಅಂತ ಬರೆದೆ. ಲೆಕ್ಕ ಕೂಡಲಿಲ್ಲ. ಸಂಜೆಯವರೆಗೆ ಹುಡುಕಿದೆ. ಎರಡು ಸಲವೂ ಒಂದೇ ಎಣಿಕೆ ತಂದಿದ್ದರೆ 50 ಸರಿ. ನಾವು ಎರಡು ಸಲವೂ ಖರ್ಚು ಮಾಡಿದ್ದು ಒಂದೇ ದುಡ್ಡು. 240, 240 ಅಂತ ಇಟ್ಟುಕೊಳ್ಳಿ. ಮೊದಲು 6 ಬಂತು, ಆಮೇಲೆ 4. ಹತ್ತಕ್ಕೆ 480. (ಇಲ್ಲಿ ಹತ್ತು ಸಾಮಾನು!) ಸರಾಸರಿ 48. ಅಗ್ಗವಾದಾಗ ಜಾಸ್ತಿ ಬಂದಿತ್ತು, ಅದಕ್ಕೇ ಸರಾಸರಿ ಅಗ್ಗದ ಕಡೆಗೆ ವಾಲಿತು. ಆವತ್ತು ಮೇಷ್ಟ್ರ ಮೂರು ಮನೆ ಗೀಚಿದ್ದರೆ ಐದು ನಿಮಿಷದ ಕೆಲಸ.

ರೇಖೆ · ಮಧ್ಯಾಹ್ನ 2:05

ರಿಯಾಯಿತಿ ಲೆಕ್ಕವೂ ಇದೇ ಜಾತಿ ಅಲ್ವಾ? ಶೇ. 20 ಕಡಿಮೆ ಮಾಡಿ 480ಕ್ಕೆ ಕೊಟ್ಟರು, ಮೊದಲ ಬೆಲೆ ಎಷ್ಟು ಅಂದರೆ ನಾನು 480ಕ್ಕೇ ಶೇ. 20 ಕೂಡಿಸಿ 576 ಅನ್ನುತ್ತಿದ್ದೆ. ಶೇ. 20 ಕಡಿಮೆ ಮಾಡಿದ್ದು ಗೊತ್ತಿಲ್ಲದ ಮೊದಲ ಬೆಲೆಯಲ್ಲಿ. 0.8ಬ = 480, ಬ = 600.

ಕಾಲಕ ನೀಲಕ · ಮಧ್ಯಾಹ್ನ 3:40

ಹೌದು, ಯಾವುದರ ಶೇಕಡ ಅನ್ನುವುದೇ ಪ್ರಶ್ನೆ.

ಹೋಗುವ ಮೊದಲು ಇನ್ನೊಂದು ಹಳೇ ಲೆಕ್ಕ. ಚೀನಾದ ಜಾಂಗ್ ಚಿಯುಜಿಯಾನ್, 5ನೇ ಶತಮಾನ. ಹುಂಜ ಒಂದಕ್ಕೆ 5 ನಾಣ್ಯ, ಹೇಂಟೆ ಒಂದಕ್ಕೆ 3, ಮರಿಗಳು ಒಂದು ನಾಣ್ಯಕ್ಕೆ 3. 100 ನಾಣ್ಯಕ್ಕೆ 100 ಹಕ್ಕಿ. ಯಾವುದೆಷ್ಟು?

ಗೊತ್ತಿಲ್ಲದ್ದು ಮೂರು, ಸಮೀಕರಣ ಎರಡೇ. ಶಾಲೆಯಲ್ಲಾದರೆ "ಬಿಡಿಸಲು ಆಗಲ್ಲ" ಅಂತ ಎದ್ದುಬಿಡುತ್ತೇವೆ. ಆದರೆ ಅರ್ಧ ಹುಂಜ ಸಿಗುವುದಿಲ್ಲ. ಆ ಒಂದು ಮಾತು ಬರೆಯದೆ ಇರುವ ಮೂರನೇ ಸಮೀಕರಣದ ಹಾಗೆ ಕೆಲಸ ಮಾಡುತ್ತದೆ. ಮರಿಗಳನ್ನು ತೆಗೆದುಹಾಕಿದರೆ 7 × ಹುಂಜ + 4 × ಹೇಂಟೆ = 100 ಉಳಿಯುತ್ತದೆ. ಇಲ್ಲಿ ಹುಂಜ, ಹೇಂಟೆ ಅಂದರೆ ಅವುಗಳ ಎಣಿಕೆ, ಮೇಷ್ಟ್ರು ಬೈಯುವ ಮೊದಲೇ ಹೇಳಿಬಿಡುತ್ತೇನೆ. 100ನ್ನೂ 4 ಹೇಂಟೆಯನ್ನೂ ನಾಲ್ಕು ಭಾಗಿಸುತ್ತದೆ, ಹಾಗಾಗಿ ಹುಂಜದ ಎಣಿಕೆಯನ್ನೂ ಭಾಗಿಸಬೇಕು. 4, 8, 12. ಹೇಂಟೆ 18, 11, 4. ಮರಿ 78, 81, 84. ಮೂರು ಉತ್ತರ. ಹುಂಜವೇ ಬೇಡ ಅಂದರೆ 25 ಹೇಂಟೆ, 75 ಮರಿ, ಅದೂ ಸರಿ.

ಅಪ್ಪನ ಪಾಟಿ · ರಾತ್ರಿ 8:35

ಮೇಷ್ಟ್ರೇ, ಪಂದ್ಯ ಗೆದ್ದಿರಿ. "ಅ ಅಂದರೆ ಏನು?" ಅಂದೆ. "ಪೆನ್ನು" ಅಂದಳು. ಮುಖ ನೋಡಿ ನಕ್ಕೆ, ಸಿಟ್ಟು ಬಂತು ಅವಳಿಗೆ.

ಆಮೇಲೆ ಟಿಕೆಟ್ ಲೆಕ್ಕ ಕೊಟ್ಟೆ. 30ಅ ಬರೆದು ಅಲ್ಲೇ ನಿಂತಳು. "30 ದೊಡ್ಡವರಾ?" ಅಂತ ತನ್ನಷ್ಟಕ್ಕೇ ಅಂದುಕೊಂಡು, ಪುಟದ ಮೂಲೆಯಲ್ಲಿ "ಅ = ದೊಡ್ಡವರು ಎಷ್ಟು ಜನ" ಅಂತ ಪೂರ್ತಿ ಬರೆದಳು. ನಾನು ಹೇಳಿಕೊಟ್ಟದ್ದಲ್ಲ. ಗಿಂತಕ್ಕೆ ಸುತ್ತು ಹಾಕುವುದಂತೂ ಆಟ ಆಗಿದೆ, ಪೇಪರಿನ ಜಾಹೀರಾತಿನಲ್ಲೂ ಹಾಕಿದ್ದಾಳೆ.

ಈಗ ಅವಳೇ ಒಂದು ಲೆಕ್ಕ ಮಾಡಿ ನಿಮಗೆಲ್ಲಾ ಕೊಡು ಅಂದಿದ್ದಾಳೆ: 3 ಪೆನ್ನು, 2 ಪುಸ್ತಕಕ್ಕೆ 95. 6 ಪೆನ್ನು, 4 ಪುಸ್ತಕಕ್ಕೆ 180. ಒಂದೊಂದರ ಬೆಲೆ ಎಷ್ಟು?

ಸೊನ್ನೆ · ರಾತ್ರಿ 8:41

ಮೊದಲನೆಯದನ್ನು ಎರಡರಿಂದ ಗುಣಿಸಿದರೆ 190. ಎರಡನೆಯದು 180. 190 = 180 ಅಂತಾಯಿತು. ಉತ್ತರವೇ ಇಲ್ಲ. ಟೈಪ್ ಮಾಡುವಾಗ ತಪ್ಪಾಯಿತಾ?

ಅಪ್ಪನ ಪಾಟಿ · ರಾತ್ರಿ 8:52

ನಾನೂ ಅದನ್ನೇ ಕೇಳಿದೆ. "ತಪ್ಪಿಲ್ಲ ಅಪ್ಪ, ಜಾಸ್ತಿ ತಗೊಂಡ್ರೆ ಅಂಗಡಿಯವ್ರು 10 ಬಿಟ್ಟಿದ್ದಾರೆ" ಅಂದಳು.

ಹಳೇ ಮೇಷ್ಟ್ರು · ರಾತ್ರಿ 9:03

ಆಹಾ! ಎಷ್ಟು ತಗೊಂಡರೂ ಒಂದರ ಬೆಲೆ ಅಷ್ಟೇ ಇರುತ್ತದೆ ಅಂತ ಯಾವ ಲೆಕ್ಕದಲ್ಲೂ ಬರೆದಿರುವುದಿಲ್ಲ. ನಾವೇ ಅಂದುಕೊಂಡಿರುತ್ತೇವೆ. ನಲವತ್ತು ಟಿಕೆಟ್ ಕೊಟ್ಟ ನಾನೂ ಅಂದುಕೊಂಡೇ ಕೊಟ್ಟದ್ದು. ಹಾಗಾದರೆ 95ರಲ್ಲಿ ಪೆನ್ನಿನ ಪಾಲೆಷ್ಟು ಅಂತ ಕೇಳಿ ಅವಳನ್ನು.

ಅಪ್ಪನ ಪಾಟಿ · ರಾತ್ರಿ 9:11

ಕೇಳಿದೆ. "ಇನ್ನೊಂದು ಬಿಲ್ ಬೇಕು" ಅಂದು ಮಲಗಲು ಹೋದಳು.